ಗೋಣಿಮರದ ಪಡುವಣ ಕೊಂಬೆಗಳು

ಗುಬ್ಬಿ,
2 ಫೆಬ್ರುವರಿ 2024

ಮಾಲಿನಿಗೆ,

ಶಿವನ ದಯೆಯಿಂದ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಕ್ಷೇಮವಾಗಿದ್ದಿದ್ದರೆ ನಿನಗೆ ಕಾಗದ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಕೋರ್ಟಿನಲ್ಲಿ ಸಹಿಯಾಗಿ ಹದಿನಾಲ್ಕು ತಿಂಗಳಾಯಿತು. ಈಗ ನೀನು ನನ್ನ ಸೊಸೆಯಲ್ಲ, ನಾನು ನಿನ್ನ ಅತ್ತೆಯಲ್ಲ. ಆದರೆ ನೀನು ಕಟ್ಟಿಹೋದ ಆರು ಬಿಳಿ ಡಬ್ಬಿಗಳು ಮಾತ್ರ ಇನ್ನೂ ನನ್ನ ಹಿತ್ತಿಲ ಗೋಣಿಮರದಲ್ಲಿ ನೇತಾಡುತ್ತಿವೆ. ಬಿಸಿಲು ಅಳೆಯುತ್ತವಂತೆ. ಬಿಸಿಲು ಎಷ್ಟಿದೆ ಎಂದು ತಿಳಿಯಲು ಸಂಡಿಗೆ ಮಾಡುವವಳ ಮನೆಗೆ ಡಬ್ಬಿ ತಂದು ಕಟ್ಟಿದವಳು ನೀನೊಬ್ಬಳೇ.

ಫೋನ್ ಮಾಡಬಹುದಿತ್ತು. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಎರಡನೆಯ ನಿಮಿಷಕ್ಕೆ ದನಿ ಏರುತ್ತದೆ, ಮೂರನೆಯ ನಿಮಿಷಕ್ಕೆ ಯಾರಾದರೊಬ್ಬರು ಕಟ್ ಮಾಡುತ್ತೇವೆ. ಕಾಗದದಲ್ಲಾದರೆ ನೀನು ಕೊನೆಯವರೆಗೂ ಕೇಳಲೇಬೇಕು. ನನ್ನದು ಏಳನೇ ಕ್ಲಾಸಿನ ಕನ್ನಡ. ಕೆಂಪು ಇಂಕಿನಲ್ಲಿ ತಿದ್ದಿ ವಾಪಸು ಕಳಿಸಬೇಡ, ನಾನು ನಿನ್ನ ಕಾಲೇಜಿನ ಸ್ಟೂಡೆಂಟ್ ಅಲ್ಲ.

ವಿಷಯ ಇಷ್ಟು. ನಿನ್ನ ಬಾವಲಿಗಳು ಈ ವರ್ಷ ಮೂಡಣ ಕೊಂಬೆಗಳಿಗೆ ಬಂದು ಕೂತಿವೆ, ಅಂದರೆ ನನ್ನ ತಾರಸಿಯ ನೆತ್ತಿಯ ಮೇಲೆ. ಬೆಳಗಿನ ಹೊತ್ತು ಕೋಮಲಾ ಮತ್ತು ಹೆಂಗಸರು ಸೀರೆ ಹಾಸಿ ಸಂಡಿಗೆ ಒತ್ತುತ್ತಾರೆ, ಮೇಲಿಂದ ಪ್ರಸಾದ ಬೀಳುತ್ತದೆ. ನಿನ್ನೆ ಕೋಮಲಾ ಸೌಟು ಕೆಳಗಿಟ್ಟು ಹೇಳಿದಳು: "ಅಕ್ಕೋ, ನಾವು ಒತ್ತೋದು, ಅವು ಒಗ್ಗರಣೆ ಹಾಕೋದು. ಹಿಂಗಾದ್ರೆ ನಾನು ಕುಂಬಳಕಾಯಿ ಸಂಡಿಗೆಗೆ ಮಾತ್ರ ಬರ್ತೀನಿ, ಅದ್ರಾಗೆ ಕಲೆ ಕಾಣಾಕಿಲ್ಲ." ಹಾಸ್ಯಕ್ಕೆ ಹೇಳಿದ್ದಲ್ಲ.

ಮಾರ್ಚಿನಿಂದ ಮೇ ತನಕ ಬಿದ್ದ ಬಿಸಿಲಿನಲ್ಲಿ ನಾವು ಹನ್ನೆರಡು ಹೆಂಗಸರು ಇಡೀ ವರ್ಷ ಬದುಕಬೇಕು. ಚೇಳೂರಿನ ಚೌಡಪ್ಪನಿಗೆ ಹೇಳಿದ್ದೇನೆ, ಶಿವರಾತ್ರಿ ಮುಗಿದ ಮಾರನೆಯ ದಿನ ಮೂಡಣ ಕೊಂಬೆಗಳನ್ನು ಸವರುತ್ತಾನೆ. ಅದಕ್ಕೆ ಮೊದಲು ಬಂದು ನಿನ್ನ ಡಬ್ಬಿಗಳನ್ನು ಬಿಚ್ಚಿಕೊಂಡು ಹೋಗು.

ಇನ್ನೊಂದು. ಭಾನುವಾರದ ದಿನ ನಮ್ಮ ಕಾಂಪೌಂಡಿನಾಚೆ ರಸ್ತೆಯಲ್ಲಿ ಛತ್ರಿ ಹಿಡಿದು ನಿಂತು ಬಾವಲಿ ಎಣಿಸುತ್ತೀಯಂತೆ. ಕೋಮಲಾ ನೋಡಿದ್ದಾಳೆ. ಹಾಗೆ ಒಬ್ಬಳೇ ನಿಂತ ಹೆಂಗಸನ್ನು ನೋಡಿ ಜನ ಏನಂದುಕೊಳ್ಳಬೇಕು?

ಇಂತು,
ಸರ್ವಮಂಗಳಮ್ಮ

ಕುಣಿಗಲ್,
8 ಫೆಬ್ರುವರಿ 2024

ಶ್ರೀಮತಿ ಸರ್ವಮಂಗಳಮ್ಮನವರಿಗೆ,

ನಮಸ್ಕಾರಗಳು. ಡಬ್ಬಿ ಬಿಚ್ಚುವುದಕ್ಕೆ ನನ್ನ ತಕರಾರಿಲ್ಲ. ಕೊಂಬೆ ಕಡಿಯುವುದಕ್ಕಿದೆ.

ಹೆಣ್ಣುಗಳು ಈಗ ಬಸುರಿ. ಮಾರ್ಚಿನಲ್ಲಿ ಮರಿ ಹಾಕುತ್ತವೆ. ವರ್ಷಕ್ಕೆ ಒಂದೇ ಸಲ, ಒಂದೇ ಮರಿ. ಮೊದಲ ವಾರಗಳಲ್ಲಿ ಮರಿಗೆ ತನ್ನ ಮೈಯ ಬಿಸಿಯನ್ನು ಹದದಲ್ಲಿಟ್ಟುಕೊಳ್ಳಲು ಬರುವುದಿಲ್ಲ, ಚಳಿಗೂ ಸೆಕೆಗೂ ತಾಯಿಯ ಎದೆಯೇ ಗತಿ. ಆಗ ನೆರಳು ಹೋದರೆ ತಾಯಿ ತನ್ನ ಮೈಯ ಜೊತೆ ಮರಿಯ ಮೈಯನ್ನೂ ತಂಪು ಮಾಡಬೇಕು. ಅದಕ್ಕೆ ಅಷ್ಟು ಶಕ್ತಿಯಿರುವುದಿಲ್ಲ.

ಜೂನ್ ಕೊನೆಯವರೆಗೆ ತಡೆಯಿರಿ. ನಾಲ್ಕು ವರ್ಷದಿಂದ ಈ ಗುಂಪನ್ನು ನೋಡುತ್ತಿದ್ದೇನೆ. ನನಗೆ ಬೇರೆ ಮರವಿಲ್ಲ.

ನಾನು ನಿಲ್ಲುವುದು ಸರ್ಕಾರಿ ರಸ್ತೆಯಲ್ಲಿ.

ಇತಿ,
ಮಾಲಿನಿ

ಗುಬ್ಬಿ,
17 ಫೆಬ್ರುವರಿ 2024

ಮಾಲಿನಿಗೆ,

ಜೂನ್ ಕೊನೆಗೆ ಮಾಡಿದ್ದನ್ನು ಸಂಡಿಗೆ ಅನ್ನುವುದಿಲ್ಲ, ಗೋಂದು ಅನ್ನುತ್ತಾರೆ. ಮೂರು ವರ್ಷ ನನ್ನ ಮನೆಯಲ್ಲಿದ್ದು ಇಷ್ಟೂ ತಿಳಿಯಲಿಲ್ಲವಲ್ಲ ನಿನಗೆ.

ಆದರೂ ಕಾಗದ ಬಂದ ಮೇಲೆ ಸುಮ್ಮನಿರಲಾಗದೆ ಮೂರು ಮಧ್ಯಾಹ್ನ ಕುರ್ಚಿ ಹಾಕಿಕೊಂಡು ಮರದ ಕಡೆ ನೋಡುತ್ತಾ ಕೂತೆ. ಕೆಲಸ ಕೆಟ್ಟಿತು. ಒಂದು ಗಂಟೆಯಾದ ಮೇಲೆ ಒಂದೊಂದೇ ರೆಕ್ಕೆ ಬಿಚ್ಚಿ ಬೀಸಿಕೊಳ್ಳಲು ಶುರುಮಾಡುತ್ತವೆ. ಮಠದ ಪಂಕ್ತಿಯಲ್ಲಿ ಊಟ ತಡವಾದಾಗ ಮುದುಕಿಯರು ಬೀಸಣಿಗೆ ಆಡಿಸುವ ಹಾಗೆ, ಮುಖದಲ್ಲಿ ಅದೇ ಸಿಡುಕು. ಬಿದರೆಹಳ್ಳ ಕಾವಲಿನ ಫ್ಯಾಕ್ಟರಿಯಿಂದ ಹೆಲಿಕಾಪ್ಟರ್ ತಲೆಯ ಮೇಲೇ ಹೋದರೂ ಕಣ್ಣು ಬಿಡದ ಪ್ರಾಣಿಗಳು ಸೆಕೆಗೆ ಮಾತ್ರ ಎದ್ದು ಕೂರುತ್ತವೆ.

ಒಂದು ಅನುಮಾನ. ಬೀಸುವುದೂ ಕೆಲಸವೇ ತಾನೇ? ಸೌದೆ ಒಲೆಯ ಮುಂದೆ ನಿಂತು ಬೀಸಣಿಗೆ ಬೀಸಿ ಕೈ ಸೋತು ಇನ್ನಷ್ಟು ಬೆವತವಳು ನಾನು. ಇವಕ್ಕೆ ಗಿಟ್ಟುವುದು ಹೇಗೆ?

ಉತ್ತರ ಚಿಕ್ಕದಾಗಿರಲಿ. ಶಿವರಾತ್ರಿಯ ಮಾತು ಹಾಗೇ ಇದೆ.

ಸರ್ವಮಂಗಳಮ್ಮ

ಕುಣಿಗಲ್,
26 ಫೆಬ್ರುವರಿ 2024

ಸರ್ವಮಂಗಳಮ್ಮನವರಿಗೆ,

ಗಿಟ್ಟುವುದಿಲ್ಲ ಎನ್ನುವುದೇ ಉತ್ತರ. ಸ್ವಲ್ಪ ಹೊತ್ತು ಮಾತ್ರ ಗಿಟ್ಟುತ್ತದೆ.

ಬಾವಲಿಯ ರೆಕ್ಕೆ ಬರೀ ತೊಗಲು, ತುಂಬಾ ರಕ್ತನಾಳ. ಬೀಸಿದಾಗ ಮೈಯ ಬಿಸಿ ಅಲ್ಲಿಂದ ಗಾಳಿಗೆ ಹೋಗುತ್ತದೆ. ಆದರೆ ಗಾಳಿಯೇ ಮೈಗಿಂತ ಬಿಸಿಯಾದ ಮೇಲೆ ಬೀಸಿದರೆ ಬಿಸಿ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ನಮ್ಮಂತೆ ಅದಕ್ಕೆ ಬೆವರುವುದಕ್ಕೆ ಬಾರದು. ಆಗ ಎದೆ, ಹೊಟ್ಟೆ, ರೆಕ್ಕೆಯನ್ನೆಲ್ಲ ನೆಕ್ಕಿ ಎಂಜಲಿನಿಂದ ಒದ್ದೆ ಮಾಡಿಕೊಳ್ಳುತ್ತದೆ. ಎಂಜಲು ಆರುವಾಗ ಮೈ ತಣಿಯುತ್ತದೆ. ಅದೂ ಸಾಲದಾದಾಗ ಬಾಯಿ ತೆರೆದು ಏದುಸಿರು ಬಿಡುತ್ತದೆ. ಅಷ್ಟೇ. ಅದರಾಚೆಗೆ ಅದರ ಹತ್ತಿರ ಇನ್ನೊಂದು ಉಪಾಯವಿಲ್ಲ.

ಉಗ್ರಾಣವೂ ಇಲ್ಲ. ಹಾರಬೇಕಾದ ಪ್ರಾಣಿ ಭಾರ ಹೊರುವಂತಿಲ್ಲ. ತಿಂದ ಹಣ್ಣಿನ ರಸ ಹೀರಿ ಉಳಿದದ್ದನ್ನು ಅರ್ಧ ಗಂಟೆಯಲ್ಲಿ ಕೆಳಗೆ ಹಾಕುತ್ತದೆ. ನಿಮ್ಮ ತಾರಸಿಗೆ ಬೀಳುವುದು ಅದೇ. ಸಂಜೆ ಮತ್ತೆ ಕೆರೆಗೆ ಹೋಗುವ ತನಕ ಮೈಯಲ್ಲಿರುವ ನೀರನ್ನೇ ಜೋಪಾನವಾಗಿ ಖರ್ಚು ಮಾಡಬೇಕು. ಅದಕ್ಕೇ ಹಗಲು ಅವು ಅಲ್ಲಾಡದೆ ತೂಗುತ್ತವೆ. ಸೋಮಾರಿತನವಲ್ಲ. ಮಧ್ಯಾಹ್ನ ಪಟಾಕಿ ಹೊಡೆದು ಒಂದು ಸಲ ಎಬ್ಬಿಸಿದರೂ ಆ ದಿನದ ನೀರು ಅಲ್ಲಿಗೆ ಮುಗಿಯಿತು.

ಮರದ ನಕ್ಷೆ ಬರೆದು ಕಳಿಸಿದ್ದೇನೆ. ಬಾವಲಿಗಳಿರುವ ಕೊಂಬೆಗಳಿಗೆಲ್ಲ ನಂಬರು ಹಾಕಿದ್ದೇನೆ, ಒಂದರಿಂದ ಒಂಬತ್ತು. ದಯವಿಟ್ಟು ಈ ಒಂಬತ್ತನ್ನು ಮುಟ್ಟಿಸಬೇಡಿ. ಸಾಧ್ಯವಾದರೆ ಬೀಸುವುದು ಎಷ್ಟು ಹೊತ್ತಿಗೆ ಶುರುವಾಯಿತು, ನೆಕ್ಕುವುದು ಎಷ್ಟು ಹೊತ್ತಿಗೆ ಎಂದು ಬರೆದಿಡಿ. ನಾನು ಭಾನುವಾರ ಮಾತ್ರ ಬರಬಲ್ಲೆ, ಅದೂ ರಸ್ತೆಯವರೆಗೆ.

ಮಾಲಿನಿ

ಗುಬ್ಬಿ,
12 ಮಾರ್ಚ್ 2024

ಮಾಲಿನಿಗೆ,

ಚಿಕ್ಕ ಉತ್ತರ ಕೇಳಿದ್ದೆ, ನೀನು ಪಾಠ ಮಾಡಿದೆ. ಹೋಗಲಿ.

ಶಿವರಾತ್ರಿಯ ಮಾರನೆಯ ದಿನ ಚೌಡಪ್ಪ ಕೊಡಲಿ ಹಿಡಿದು ಬಂದ. ಹಿಂದಿನ ವಾರವೇ ಮರಿಗಳು ಬಂದಿದ್ದವು. ತಾಯಿಯ ರೆಕ್ಕೆಯಿಂದ ಒಂದು ಮೂತಿ ಹೊರಗೆ ಬಂದು ನನ್ನನ್ನು ನೋಡಿ ಒಳಗೆ ಹೋಯಿತು. ಇನ್ನೇನು ಮಾಡಲಿ, ಚೌಡಪ್ಪನಿಗೆ ಕಾಫಿ ಕೊಟ್ಟು ವಾಪಸು ಕಳಿಸಿದೆ. ಸಂಜೆ ಸಂಗಮೇಶ ಫ್ಯಾಕ್ಟರಿಯಿಂದ ಬಂದವನೇ ಹಿತ್ತಿಲು ನೋಡಿ ಕೂಗಾಡಿದ.

"ಮರ ಯಾಕಮ್ಮ ಹಂಗೇ ಇದೆ? ಯಾರ ಮಾತು ಕೇಳ್ಕಂಡು ಕೂತಿದೀಯ?"

"ಪಂಚಾಂಗದ ಮಾತು ಕಣೋ. ದಿನ ಚೆನ್ನಾಗಿಲ್ಲ."

"ಕೊಂಬೆ ಕಡಿಯೋಕೂ ಮುಹೂರ್ತ ನೋಡ್ತಾರಾ?"

"ಮದುವೆಗೆ ನೋಡಿದ್ವಲ್ಲ, ಏನು ಉಪಯೋಗ ಆಯ್ತು ಹೇಳು" ಅಂದೆ. ರಾತ್ರಿ ತಟ್ಟೆ ಬಿಟ್ಟು ಎದ್ದುಹೋದ. ಈಗೀಗ ನಮ್ಮ ಮನೆಯಲ್ಲಿ ಊಟ ಪೂರ್ತಿ ಮಾಡುವವಳು ನಾನೊಬ್ಬಳೇ.

ನೀನು ಕೇಳಿದ್ದನ್ನು ಬರೆದಿದ್ದೇನೆ. ಬೇರೆ ಪುಸ್ತಕ ಕೊಳ್ಳುವ ದುಂದು ಯಾಕೆಂದು ನನ್ನ ಸಂಡಿಗೆ ಪುಸ್ತಕದಲ್ಲೇ ಬರೆದೆ, ಅದರ ನಕಲು ಇದು. ಎಡಗಡೆ ಸಂಡಿಗೆ ಎಷ್ಟು ಗಂಟೆಗೆ ಸೀರೆ ಬಿಟ್ಟಿತು ಎಂದಿದೆ, ಅದು ನಿನಗೆ ಬೇಡ. ಬಲಗಡೆ ನಿನ್ನವರ ವಿಚಾರ.

ಒಂದು ಮಾತು ಹೇಳುತ್ತೇನೆ. ಏಳನೆಯ ತಾರೀಖು ಬಿಸಿಲು ಚುರುಗುಟ್ಟುತ್ತಿತ್ತು, ಮಧ್ಯಾಹ್ನ ಎರಡಕ್ಕೇ ಸಂಡಿಗೆ ಒಣಗಿತು, ಬಾವಲಿಗಳು ಬೀಸಿಕೊಂಡು ಸುಮ್ಮನಾದವು. ಹತ್ತನೆಯ ತಾರೀಖು ಬಿಸಿಲು ಅಷ್ಟಿರಲಿಲ್ಲ, ಮೋಡದ ಪರದೆ, ಎಲೆ ಅಲ್ಲಾಡುತ್ತಿರಲಿಲ್ಲ. ಸಂಜೆಯಾದರೂ ಸಂಡಿಗೆ ಅಂಟುತ್ತಿತ್ತು. ಅವತ್ತು ಅವು ಒಂದೇ ಸಮನೆ ನೆಕ್ಕಿಕೊಂಡವು. ಬಿಸಿಲು ಕಮ್ಮಿಯಾದ ದಿನ ಒದ್ದಾಟ ಜಾಸ್ತಿ. ನಿನ್ನ ಡಬ್ಬಿ ಇದಕ್ಕೇನನ್ನುತ್ತದೆ?

ಸರ್ವಮಂಗಳಮ್ಮ

ಕುಣಿಗಲ್,
21 ಮಾರ್ಚ್ 2024

ಸರ್ವಮಂಗಳಮ್ಮನವರಿಗೆ,

ಡಬ್ಬಿ ಏನೂ ಅನ್ನುವುದಿಲ್ಲ. ಅದು ಬಿಸಿಯನ್ನು ಮಾತ್ರ ಅಳೆಯುತ್ತದೆ, ತೇವವನ್ನು ಅಳೆಯುವುದಿಲ್ಲ. ತೇವ ಅಳೆಯುವ ಡಬ್ಬಿಗೆ ಎರಡು ಸಲ ಅರ್ಜಿ ಹಾಕಿದ್ದೆ, ಪ್ರಿನ್ಸಿಪಾಲರು ಎರಡು ಸಲವೂ ಮುಂದಿನ ವರ್ಷ ಎಂದರು.

ನಿಮ್ಮ ಎಡಗಡೆಯ ಸಾಲು ನನಗೆ ಬೇಕು. ಅದೇ ಬೇಕು. ಸಂಡಿಗೆ ಆರುವುದೂ ಬಾವಲಿಯ ಎಂಜಲು ಆರುವುದೂ ಒಂದೇ ಲೆಕ್ಕ. ಗಾಳಿಯಲ್ಲಿ ತೇವ ತುಂಬಿದ ದಿನ ಎಷ್ಟು ನೆಕ್ಕಿಕೊಂಡರೂ ಆರುವುದಿಲ್ಲ, ಮೈ ತಣಿಯುವುದಿಲ್ಲ, ನೀರು ಮಾತ್ರ ವ್ಯರ್ಥ. ಮೂರು ವರ್ಷ ನಾನು ಮರದ ಕೆಳಗೆ ಕೂತು ಬಿಸಿಲನ್ನಷ್ಟೇ ಬರೆದುಕೊಂಡೆ. ಅದೇ ಹೊತ್ತಿಗೆ ಅದೇ ಮನೆಯ ತಾರಸಿಯ ಮೇಲೆ ನೀವು ಇದನ್ನು ಬರೆದುಕೊಳ್ಳುತ್ತಿದ್ದಿರಿ. ನಾನು ಒಂದು ದಿನವೂ ಮೆಟ್ಟಿಲು ಹತ್ತಿ ನೋಡಲಿಲ್ಲ.

ಏಪ್ರಿಲಿನಲ್ಲಿ ಒಂದು ಮಳೆ ಬಿದ್ದು ಮಾರನೆಯ ದಿನ ಮತ್ತೆ ಕಾದರೆ, ಅವತ್ತು ಹುಷಾರು. ಏಪ್ರಿಲ್ ಹದಿನೆಂಟರಿಂದ ಎಂಟು ದಿನ ನನಗೆ ಬೆಂಗಳೂರಿನಲ್ಲಿ ಪರೀಕ್ಷೆಯ ಮೌಲ್ಯಮಾಪನ. ಅಲ್ಲಿ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ.

ಮಾಲಿನಿ

ಗುಬ್ಬಿ,
16 ಏಪ್ರಿಲ್ 2024

ಮಾಲಿನಿಗೆ,

ನಿನ್ನ ಕಗ್ಗಂಟನ್ನು ನಾನು ಬಿಡಿಸಿದ್ದೇನೆ. ಓದಿದ್ದು ಏಳನೇ ಕ್ಲಾಸಾದರೂ ತಲೆ ಇದೆ.

ಯೋಚನೆ ಮಾಡಿದೆ. ಬಾವಲಿ ತಾರಸಿಯನ್ನು ಬಿಟ್ಟುಕೊಡುವುದಿಲ್ಲ, ಸರಿ. ನಾನೇ ಯಾಕೆ ತಾರಸಿ ಬಿಟ್ಟು ಮರದ ಆಚೆ ಬದಿಗೆ ಹೋಗಬಾರದು? ಪಡುವಣ ದಿಕ್ಕಿನ ಬಯಲು ಸುಮ್ಮನೆ ಬಿದ್ದಿದೆ. ಅಲ್ಲಿಗಿದ್ದ ತೊಂದರೆ ಒಂದೇ, ಪಡುವಣ ಕೊಂಬೆಗಳು ನೆಲದವರೆಗೆ ಇಳಿಬಿದ್ದು ಬಿಸಿಲು ಬೀಳಗೊಡುತ್ತಿರಲಿಲ್ಲ. ಹತ್ತು ದಿನ ನೋಡಿದೆ. ಆ ಕೊಂಬೆಗಳಲ್ಲಿ ಒಂದು ಬಾವಲಿಯೂ ಕೂರುವುದಿಲ್ಲ, ಒಂದು ಗೂಡೂ ಇಲ್ಲ. ನಿನ್ನ ನಕ್ಷೆ ತೆಗೆದು ನೋಡಿದೆ. ಅಲ್ಲೂ ನಂಬರಿಲ್ಲ, ಬರೀ ಬಿಳಿ ಕಾಗದ. ಯಾರಿಗೂ ಬೇಡದ ನಾಲ್ಕು ಕೊಂಬೆ ನನಗೆ ಬೇಕಾದ ಬಿಸಿಲನ್ನು ತಿನ್ನುತ್ತಿವೆ.

ನಿನ್ನೆ ಚೌಡಪ್ಪ ನಾಲ್ಕನ್ನೂ ಇಳಿಸಿದ. ಸಂಜೆ ಬಾವಲಿಗಳು ಹೊರಗೆ ಹೋದ ಮೇಲೆ ಲೈಟು ಹಾಕಿಸಿ ಕಡಿಸಿದೆ, ಒಂದಕ್ಕೂ ತೊಂದರೆಯಾಗಲಿಲ್ಲ. ನಿನ್ನ ಒಂಬತ್ತು ಕೊಂಬೆಗೆ ಗೀರೂ ಬಿದ್ದಿಲ್ಲ. ಇವತ್ತು ಬೆಳಗ್ಗೆ ಬಯಲಿನಲ್ಲಿ ಸೀರೆ ಹಾಸಿದೆವು. ಮೂರು ಗಂಟೆಗೆಲ್ಲ ಗಲಗಲ ಅನ್ನುವಂಥ ಸಂಡಿಗೆ. ಕೋಮಲಾ, "ಅಕ್ಕ, ಈ ಬುದ್ಧಿ ಹೋದೊರ್ಷನೇ ಬರಬಾರ್ದಿತ್ತಾ?" ಅಂದಳು. ಸಂಗಮೇಶ ಕೂಡ ನಿಂತು ಒಂದು ಸಂಡಿಗೆ ಮುರಿದು ನೋಡಿದ, ಅವನ ಮಟ್ಟಿಗೆ ಅದು ಹೊಗಳಿಕೆ.

ಒಂದು ಡಬ್ಬ ಅರಳು ಸಂಡಿಗೆ ಕಳಿಸಿದ್ದೇನೆ. ಬೇಡವಾದರೆ ಸ್ಟಾಫ್ ರೂಮಿನಲ್ಲಿ ಹಂಚು.

ಸರ್ವಮಂಗಳಮ್ಮ

ಗುಬ್ಬಿ,
24 ಏಪ್ರಿಲ್ 2024

ಮಾಲಿನಿ,

ಕೋಮಲಾಳ ಫೋನಿನಿಂದ ಏಳು ಸಲ ಮಾಡಿದೆ. ಸ್ವಿಚ್ ಆಫ್. ಮೌಲ್ಯಮಾಪನ ಮಾಡುವವರಿಗೆ ಮನೆಮಠ ಇರುವುದಿಲ್ಲವೇನು, ಯಾರ ಜೀವ ಹೋಗುತ್ತಿದ್ದರೂ ಉತ್ತರಪತ್ರಿಕೆಯೇ ದೊಡ್ಡದೇ ಎಂದು ನಾನು ಕಂಡೇ ಇರದ ಆ ಗೇಟಿನವನನ್ನು ಬೈದೆ. ಬೈಯಬೇಕಾದವರು ಯಾರೆಂದು ನನಗೆ ಗೊತ್ತು.

ಭಾನುವಾರ ಸಂಜೆ ಮಳೆ ಬಂತು, ಒಂದು ಹದ. ಸೋಮವಾರ ಮತ್ತೆ ಕಾಯಿತು. ಗಾಳಿಯಿಲ್ಲ. ಒತ್ತಿದ ಸಂಡಿಗೆ ಒತ್ತಿದ ಹಾಗೇ ಇತ್ತು. ನಿನ್ನ ಮಾತು ನೆನಪಾಗಿ ಎರಡು ಗಂಟೆಗೆ ಮರದ ಹತ್ತಿರ ಹೋದೆ. ಬಿಸಿಲು ಪಡುವಣಕ್ಕೆ ವಾಲಿತ್ತು. ನಾನು ಕಡಿಸಿದ ಕಡೆಯಿಂದ ಸೀದಾ ಒಳಗೆ ನುಗ್ಗಿ ನಿನ್ನ ಒಂಬತ್ತು ಕೊಂಬೆಗಳ ಮೇಲೆ ಬಿದ್ದಿತ್ತು. ಒಲೆಯ ಬಾಯಿ ತೆರೆದಿಟ್ಟ ಹಾಗೆ.

ಮರಿ ಕಟ್ಟಿಕೊಂಡ ತಾಯಂದಿರೇ ಆ ಸಾಲಿನಲ್ಲಿದ್ದವು. ಬೀಸಿಕೊಂಡವು. ನೆಕ್ಕಿಕೊಂಡವು, ಮರಿಯನ್ನೂ ನೆಕ್ಕಿದವು. ಆಮೇಲೆ ಬಾಯಿ ತೆರೆದವು. ಆಮೇಲೆ ಬೀಸುವುದನ್ನು ನಿಲ್ಲಿಸಿದವು. ಸದ್ಯ, ಸಮಾಧಾನವಾಯಿತಲ್ಲ ಎಂದುಕೊಂಡೆ. ಆಗ ಮೊದಲನೆಯದು ಬಿತ್ತು.

ಸೋಮವಾರ ಒಂಬತ್ತು. ನಿನ್ನೆ ಇಪ್ಪತ್ತೆಂಟು. ಒಟ್ಟು ಮೂವತ್ತೇಳು, ಅದರಲ್ಲಿ ಹನ್ನೊಂದು ಮರಿ. ಕೋಮಲಾ ನೀರಿನ ಪೈಪ್ ಬಿಡೋಣ ಅಂದಳು, ಒದ್ದೆ ಗಾಳಿಯಲ್ಲಿ ಇನ್ನಷ್ಟು ಒದ್ದೆ ಮಾಡಿ ಎಬ್ಬಿಸಿದರೆ ಇನ್ನೂ ಕೆಡುತ್ತದೋ ಏನೋ ಎಂದು ನಾನೇ ತಡೆದೆ. ಸರಿಯಾಯಿತೋ ತಪ್ಪಾಯಿತೋ ಗೊತ್ತಿಲ್ಲ. ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಎತ್ತಿ ತೆಂಗಿನ ಸಾಲಿನಾಚೆ ಆಳವಾಗಿ ಹೂಳಿಸಿದೆ. ಒಂದು ತಾಯಿಯ ರೆಕ್ಕೆ ಬಿಡಿಸಲು ಬರಲಿಲ್ಲ. ಹಾಗೇ ತಾಯಿ ಮರಿ ಎರಡನ್ನೂ ಒಟ್ಟಿಗೆ ಮಣ್ಣು ಮಾಡಿದೆವು.

ಏನು ಮಾಡಬೇಕೆಂದು ಬೇಗ ಬರೆ. ಬೈಯುವುದನ್ನು ಕೊನೆಯ ಸಾಲಿಗೆ ಇಟ್ಟುಕೋ.

ಸರ್ವಮಂಗಳಮ್ಮ

ಕುಣಿಗಲ್,
27 ಏಪ್ರಿಲ್ 2024

ಸರ್ವಮಂಗಳಮ್ಮನವರಿಗೆ,

ನಿನ್ನೆ ಬಂದೆ. ಎರಡೂ ಕಾಗದ ಒಟ್ಟಿಗೆ ಸಿಕ್ಕವು. ಸಂಡಿಗೆ ಕಳಿಸಿದ ಕಾಗದವನ್ನು ಮೊದಲು ಓದಿದೆ.

ಮಧ್ಯಾಹ್ನದ ಬಿಸಿಲು ತಡೆಯಬೇಕು. ಪಡುವಣ ಬದಿಗೆ ಬಟ್ಟೆಯ ಮರೆ ಕಟ್ಟಿಸಿ. ಬಾವಲಿಗಳಿರುವ ಕೊಂಬೆಯಿಂದ ಹದಿನೈದು ಅಡಿಯಾದರೂ ದೂರವಿರಲಿ, ಬಿಳಿಯ ಬಟ್ಟೆಯಾಗಿರಲಿ, ಗಾಳಿಗೆ ಪಟಪಟ ಹೊಡೆದುಕೊಳ್ಳದ ಹಾಗೆ ಬಿಗಿದಿರಲಿ. ಸಂಜೆ ಅವು ಹೋದ ಮೇಲೆಯೇ ಕಟ್ಟಬೇಕು. ಹಗಲು ಮರದ ಕೆಳಗೆ ಜನ ಸೇರಬಾರದು. ಪೈಪ್ ಬಿಡದೆ ಇದ್ದದ್ದು ಒಳ್ಳೆಯದಾಯಿತು. ಬಿದ್ದವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಬೈಯಲು ಕೊನೆಯ ಸಾಲು ಉಳಿಸಿಕೊಂಡಿದ್ದೆ. ನಕ್ಷೆಯ ನನ್ನ ಪ್ರತಿಯನ್ನು ತೆಗೆದು ನೋಡಿದೆ. ಬಾವಲಿ ಇಲ್ಲದ ಕೊಂಬೆಯನ್ನು ನಾನು ಬರೆದೇ ಇರಲಿಲ್ಲ. ನಾಲ್ಕು ವರ್ಷದಲ್ಲಿ ಒಂದು ಸಲವೂ ಬರೆದಿಲ್ಲ.

ಮಾಲಿನಿ

ಗುಬ್ಬಿ,
6 ಮೇ 2024

ಮಾಲಿನಿಗೆ,

ಕಟ್ಟಿಸಿದೆ. ಅಷ್ಟು ಅಗಲದ ಬಿಳಿ ಬಟ್ಟೆ ಎಲ್ಲಿಂದ ತರಲಿ? ಶಾಮಿಯಾನದವನು ಮದುವೆ ಸೀಸನ್ ಮುಗಿಯುವವರೆಗೆ ಮಾತೇ ಆಡುವುದಿಲ್ಲ. ಸಂಡಿಗೆ ಹಾಸುವ ನೂಲಿನ ಸೀರೆ ಇಪ್ಪತ್ತಾರಿದ್ದವು, ಒಗೆದು ಒಗೆದು ಬಣ್ಣ ಹೋಗಿ ಬೆಳ್ಳಗಾದವು. ಕೋಮಲಾ ಮತ್ತು ಹೆಂಗಸರು ಎರಡು ದಿನ ಕೂತು ಜೋಡಿಸಿ ಹೊಲಿದರು. ಚೌಡಪ್ಪನನ್ನು ಕರೆಸಿದೆ.

"ಅಮ್ಮಾವ್ರೇ, ಕಡಿಯಾಕೂ ನಾನೇ, ಸೀರೆ ಉಡಿಸಾಕೂ ನಾನೇಯಾ?"

"ಬಾಯಿ ಮುಚ್ಚಿಕೊಂಡು ಹತ್ತಯ್ಯ."

"ಹತ್ತೀನಿ ಬುಡಿ. ಮರಕ್ಕೆ ಸೀರೆ ಉಡ್ಸುದ್ರೆ ಊರೋರು ಹೊಸ ದೇವ್ರು ಅಂತ ಕಾಯಿ ಒಡೀತಾರೆ, ಆಮೇಕೆ ನನ್ನ ಕೇಳ್ಬೇಡಿ."

ಅವನ ಬಾಯಿಗೆ ಬೂದಿ ಬೀಳಲಿ. ಮೂರನೆಯ ದಿನ ಕಾಂಪೌಂಡಿನ ಮೇಲೆ ಯಾರೋ ಎರಡು ಹೋಳು ಕಾಯಿ, ಕುಂಕುಮ ಇಟ್ಟುಹೋಗಿದ್ದರು. ಕೋಮಲಾ ಆ ಕಾಯಿಯನ್ನು ಚಟ್ನಿ ಮಾಡಿದಳು.

ಆದರೆ ಮರೆ ನಿಂತಿತು. ಮಧ್ಯಾಹ್ನ ಎರಡರಿಂದ ಐದರವರೆಗೆ ಆ ಸಾಲಿನ ಮೇಲೆ ಬಿಸಿಲು ಬೀಳುತ್ತಿಲ್ಲ. ಕಟ್ಟಿದ ಮೇಲೆ ಒಂದೂ ಬಿದ್ದಿಲ್ಲ. ಮೊದಲು ಇನ್ನೂರ ಹದಿನಾಲ್ಕಿದ್ದವು ಅಂತ ನಿನ್ನ ಲೆಕ್ಕ. ನಾನೂ ಕೋಮಲಾಳೂ ಬೇರೆಬೇರೆಯಾಗಿ ಎಣಿಸಿದೆವು, ಈಗ ನೂರೈವತ್ತೊಂದು. ಸತ್ತದ್ದು ಕಳೆದರೂ ಇಪ್ಪತ್ತಾರು ಕಮ್ಮಿ. ಅವು ಎಲ್ಲಿಗೆ ಹೋದವೋ. ಹಾಸಲು ಸೀರೆಯಿಲ್ಲದೆ ನಮ್ಮ ಕೆಲಸ ನಿಂತಿದೆ. ಹೆಂಗಸರು ತುಮಕೂರಿನ ಅಂಗಡಿಯವರಿಗೆ ಏನು ಹೇಳುವುದು ಅನ್ನುತ್ತಾರೆ. ಸೀರೆಗಳನ್ನು ಮರ ಉಟ್ಟುಕೊಂಡಿದೆ ಅಂತ ಹೇಳಿ ಅಂದೆ.

ಈಗ ಬೇರೆ ವಿಷಯ. ಇದನ್ನು ಬರೆಯಲು ನಾಲ್ಕು ಸಲ ಕಾಗದ ಹರಿದಿದ್ದೇನೆ.

ಅವತ್ತು ಪರಮಶಿವಯ್ಯನವರ ಮನೆಯಲ್ಲಿ ನಿಮ್ಮಿಬ್ಬರ ಪಂಚಾಯ್ತಿಗೆ ಹಿರಿಯರು ಸೇರಿದ್ದಾಗ ಅವರು ನನ್ನನ್ನು ಕೇಳಿದರು. "ನೋಡವ್ವ ಮಂಗಳಮ್ಮ, ಮಗ ಬೇಡ ಅಂತಾನೆ. ನೀನು ನ್ಯಾಯವಾಗಿ ಹೇಳು. ಆ ಹುಡುಗಿಯಿಂದ ಮನೆಗೆ ಏನು ಅನುಕೂಲ ಆಗಿದೆ?" ನಾನು ಮನಸ್ಸಿನಲ್ಲೇ ಎಣಿಸಿದೆ. ಸಂಡಿಗೆ ಒತ್ತಲಿಲ್ಲ. ಒಲೆಯ ಮುಂದೆ ನಿಲ್ಲಲಿಲ್ಲ. ಬಂದವರ ಹತ್ತಿರ ಕೂತು ಮಾತಾಡಲಿಲ್ಲ. ಮರದ ಕೆಳಗೆ ಕೂತಿದ್ದಳು. "ಏನೂ ಇಲ್ಲ" ಅಂದೆ. ಅಲ್ಲಿಗೆ ಮಾತು ಮುಗಿಯಿತು.

ನೀನು ಹೋದಾಗಿನಿಂದ ನಾನೂ ಸಂಗಮೇಶನೂ ಮನೆಯಲ್ಲಿ ಎದುರುಬದುರು. ನಡುವೆ ಮರೆಯಿಲ್ಲದೆ ಒಬ್ಬರ ಮಾತು ಇನ್ನೊಬ್ಬರಿಗೆ ನೇರವಾಗಿ ಬಡಿಯುತ್ತದೆ. ಮೊದಲೂ ಅವನಿಗೆ ಕೋಪ ಬರುತ್ತಿತ್ತು, ನನಗೂ ಬರುತ್ತಿತ್ತು, ಆದರೆ ಊಟದ ಹೊತ್ತಿಗೆ ಆರಿರುತ್ತಿತ್ತು. ಹೇಗೆ ಆರುತ್ತಿತ್ತು ಎಂದು ಆಗ ನಾನು ಕೇಳಿಕೊಳ್ಳಲಿಲ್ಲ.

ಪರಮಶಿವಯ್ಯನವರು ಕೇಳಿದಾಗ ನೀನು ಒಳಗಿನ ಕೋಣೆಯಲ್ಲಿದ್ದೆ. ನಾನು ಹೇಳಿದ್ದು ನಿನಗೆ ಕೇಳಿಸಿತ್ತೋ ಇಲ್ಲವೋ ನೀನು ಇವತ್ತಿನವರೆಗೂ ಹೇಳಿಲ್ಲ.

ಸರ್ವಮಂಗಳಮ್ಮ

ಕುಣಿಗಲ್,
11 ಮೇ 2024

ಅಮ್ಮನವರಿಗೆ,

ಪರಮಶಿವಯ್ಯನವರ ಮನೆಯ ಗೋಡೆ ತೆಳ್ಳಗಿದೆ.

ಕಾಲೇಜಿನಿಂದ ತೇವ ಅಳೆಯುವ ಎರಡು ಡಬ್ಬಿ ಕೊನೆಗೂ ಬಂದಿವೆ. ಒಂದನ್ನು ಬಾವಲಿಗಳ ಸಾಲಿನಲ್ಲಿ, ಒಂದನ್ನು ಕಡಿದ ಕೊಂಬೆಗಳ ಜಾಗದಲ್ಲಿ ಕಟ್ಟಬೇಕು. ಹೊಸ ನಕ್ಷೆಯನ್ನೂ ಬರೆಯಬೇಕು, ಈ ಸಲ ಇಡೀ ಮರದ್ದು. ಅದು ರಸ್ತೆಯಿಂದ ಆಗುವುದಿಲ್ಲ.

ಹತ್ತೊಂಬತ್ತನೆಯ ತಾರೀಖು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಬಂದು ಅರ್ಧ ಗಂಟೆ ಇದ್ದು ಹೋಗಬಹುದೇ? ಮನೆಯಲ್ಲಿ ಯಾರಿಗಾದರೂ ತೊಂದರೆಯಾಗುವುದಾದರೆ ಬೇಡ.

ಮಾಲಿನಿ

ಗುಬ್ಬಿ,
15 ಮೇ 2024

ಮಾಲಿನಿಗೆ,

ಮೊದಲು ಲೆಕ್ಕ. ಇವತ್ತು ಬೆಳಗ್ಗೆ ನೂರ ಅರವತ್ತೆಂಟು. ಹೋದವುಗಳಲ್ಲಿ ಹದಿನೇಳು ವಾಪಸು ಬಂದಿವೆ. ಮರಿಗಳು ತಾಯಿಯನ್ನು ಬಿಟ್ಟು ಪಕ್ಕದಲ್ಲಿ ತಾವೇ ತೂಗಲು ಕಲಿಯುತ್ತಿವೆ. ಒಂದು ತಾನೇ ರೆಕ್ಕೆ ಬೀಸಿಕೊಂಡಿತು, ಬಾರದ ಕೆಲಸವನ್ನು ಬಂದವರ ಹಾಗೆ. ಮೂರು ಮಳೆಯಾಗಿದೆ, ಆದರೂ ಮರೆಯನ್ನು ಇನ್ನೂ ಬಿಚ್ಚಿಸಿಲ್ಲ.

ಸಂಗಮೇಶನಿಗೆ ನೀನು ಬರುತ್ತೀಯೆಂದು ಹೇಳಿದೆ. "ಬಂದ್ರೆ ಬರ್ಲಿ, ನಂಗೇನು?" ಅಂದ. ಆಮೇಲೆ ಹೋಗಿ ಏಣಿಯ ಮುರಿದ ಮೆಟ್ಟಿಲಿಗೆ ಹಲಗೆ ಹೊಡೆದ. ಅದಕ್ಕೆ ಅರ್ಥ ಕಟ್ಟಬೇಡ, ನಾನೂ ಕಟ್ಟಿಲ್ಲ. ಏಣಿ ಮುರಿದಿತ್ತು, ಅಷ್ಟೇ.

ಎರಡು ಗಂಟೆಗೆ ಬರುತ್ತೇನೆ, ಅರ್ಧ ಗಂಟೆ ಇರುತ್ತೇನೆ ಎಂದು ಬರೆದಿದ್ದೀಯ. ಇಷ್ಟು ಓದಿದವಳಿಗೆ ಇದನ್ನು ನಾನು ಹೇಳಿಕೊಡಬೇಕೇ? ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಹಿತ್ತಿಲಿನಲ್ಲಿ ಯಾರೂ ಹೆಜ್ಜೆಯಿಡಕೂಡದು, ಬಾಗಿಲು ಕೂಡ ಸದ್ದು ಮಾಡಿ ಹಾಕಕೂಡದು ಎಂದು ಇಡೀ ಮನೆಗೆ ಹೇಳಿದ್ದೇನೆ. ಕೋಮಲಾಳಿಗೂ ಅದೇ, ಸಂಗಮೇಶನಿಗೂ ಅದೇ, ನಿನಗೆ ಬೇರೆ ಕಾನೂನಿಲ್ಲ.

ಹತ್ತಕ್ಕೆ ಬಾ. ಡಬ್ಬಿಯನ್ನು ಸಂಜೆ ಅವು ಹಾರಿದ ಮೇಲೆ ಕಟ್ಟುವೆಯಂತೆ. ಅಲ್ಲಿಯವರೆಗೆ ಮನೆಯೊಳಗೆ ನಮ್ಮ ಜೊತೆ ಕೂತಿರಬೇಕು, ಬೇರೆ ದಾರಿಯಿಲ್ಲ.

ಕಾಯುತ್ತಿರುವ,
ಸರ್ವಮಂಗಳಮ್ಮ